ತೂಫಾನ್ ಇಳಿದ ಮೇಲೆ: ಎಂಜಿನ್, ದೋಣಿ, ಬಲೆಯ ಕಣ್ಣು

ತೂಫಾನ್ ಮಾಡುವ ನಷ್ಟ ಒಂದು ಕಡೆ, ಅದು ಇಳಿದ ಮೇಲೆ ಅವಸರದಲ್ಲಿ ನಾವೇ ಮಾಡಿಕೊಳ್ಳುವ ನಷ್ಟ ಇನ್ನೊಂದು ಕಡೆ. ಕಾಸರಗೋಡಿನ ಮಂಜೇಶ್ವರ, ಮುಸೋಡಿ, ಶಿರಿಯ, ಕೊಯಿಪ್ಪಾಡಿ ಕಡಪ್ಪುರಗಳಲ್ಲಿ, ಅಂದರೆ ಕಡಲ ದಡಗಳಲ್ಲಿ, ನಾಡದೋಣಿ ಇಟ್ಟುಕೊಂಡವರಿಗೆ ಎರಡನೆಯದೇ ಹೆಚ್ಚು ದಿನ ಕಾಡುತ್ತದೆ. ಉಪ್ಪುನೀರು ಕುಡಿದ ಎಂಜಿನ್ನಿನ ಹಗ್ಗವನ್ನು ಆ ಕ್ಷಣವೇ ಎಳೆದು, ಶುರು ಮಾಡಲು ಹೋಗಿ ಹಾಳು ಮಾಡುವುದು, ಸಿಕ್ಕಿದ ಅಗ್ಗದ ಬಲೆ ತಂದು ಮರಿಮೀನು ಬಾಚುವುದು, ಇವೆರಡೂ ಒಂದೇ ಅವಸರದ ಮಕ್ಕಳು. ಹಾಗಾಗಿ ಇಲ್ಲಿ ರಿಪೇರಿ ಮತ್ತು ಮೀನಿನ ವಿಚಾರವನ್ನು ಬೇರೆ ಬೇರೆ ಮಾಡದೆ ಒಟ್ಟಿಗೇ ಬರೆಯುತ್ತಿದ್ದೇನೆ.

2017ರ ಓಖಿಯಾಗಲಿ 2021ರ ಮೇ ತಿಂಗಳ ತೌಕ್ತೆಯಾಗಲಿ ಕಾಸರಗೋಡಿನ ನೆಲಕ್ಕೆ ಹತ್ತಿದ ಗಾಳಿಯಲ್ಲ. ತೌಕ್ತೆ ನಮ್ಮ ಪಡುವಣದಲ್ಲೇ ಬಡಗಕ್ಕೆ ಸಾಗಿ ಮೇ 17ರ ರಾತ್ರಿ ಗುಜರಾತಿನಲ್ಲಿ ನೆಲ ಮುಟ್ಟಿತು. ಇಲ್ಲಿ ಹೊಡೆದದ್ದು ಅಲೆ. ಗಾಳಿ ಹೊಡೆದರೆ ಹೆಂಚು ಹಾರುತ್ತದೆ, ತೆಂಗು ಬೀಳುತ್ತದೆ. ಅಲೆ ಹೊಡೆದರೆ ದಡಕ್ಕೆ ಎಳೆದಿಟ್ಟ ದೋಣಿಯೊಳಗೆ ಹೊಯಿಗೆ (ಮರಳು) ತುಂಬುತ್ತದೆ, ಎಂಜಿನ್ ಮುಳುಗುತ್ತದೆ, ಬಲೆ ಕಡಲ್ಕೊರೆತದ ತಡೆಗೋಡೆಯ ಕಲ್ಲುಗಳ ಸಂದಿಗೆ ಸಿಕ್ಕಿಕೊಳ್ಳುತ್ತದೆ. ನಮ್ಮ ಕೆಲಸ ಹೆಚ್ಚಾಗಿ ಉಪ್ಪಿನ ಜೊತೆ ಮತ್ತು ಹೊಯಿಗೆಯ ಜೊತೆ.

ಯಾವುದಕ್ಕೂ ಕೈ ಹಾಕುವ ಮೊದಲು ಫೋಟೊ. ದೋಣಿಯ ನೋಂದಣಿ ಸಂಖ್ಯೆ ಕಾಣುವಂತೆ ಒಂದು, ಒಡೆದ ಜಾಗ ಹತ್ತಿರದಿಂದ ಒಂದು, ಎಂಜಿನ್ನಿನ ನಂಬರ್ ಪ್ಲೇಟು ಓದುವಂತೆ ಒಂದು. ಬಲೆಯನ್ನು ಮುದ್ದೆಯಾಗಿ ತೆಗೆದರೆ ಏನೂ ತಿಳಿಯುವುದಿಲ್ಲ. ಹರಡಿ, ಪಕ್ಕದಲ್ಲಿ ಆಳು ನಿಲ್ಲಿಸಿ ತೆಗೆಯಬೇಕು. ಪರಿಹಾರದ ಅರ್ಜಿ ಮೀನುಗಾರಿಕೆ ಇಲಾಖೆಯ ಸ್ಥಳೀಯ ಕಚೇರಿಯಾದ ಮತ್ಸ್ಯಭವನಕ್ಕೂ ವಿಲೇಜ್ ಆಫೀಸಿಗೂ ಹೋಗಬೇಕು. ಕನ್ನಡದಲ್ಲಿ ಬರೆಯುವ ಹಕ್ಕು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದೆ, ಬಳಸಿಕೊಳ್ಳಿ. ಆದರೂ ಜೊತೆಗೊಂದು ಮಲಯಾಳಂ ಪ್ರತಿ ಇಟ್ಟರೆ ಕಡತ ಮೇಜಿನಿಂದ ಮೇಜಿಗೆ ಬೇಗ ಸಾಗುತ್ತದೆ. ಸಿಗುವ ಮೊತ್ತ ಎಷ್ಟು ಅಂತ ಮೊದಲೇ ತಿಳಿದಿರುವುದು ಒಳ್ಳೆಯದು. ವಿಪತ್ತು ಪರಿಹಾರ ನಿಧಿಯ 2022ರಿಂದ 2026ರವರೆಗಿನ ದರದಲ್ಲಿ ಪೂರ್ತಿ ಹೋದ ದೋಣಿಗೆ 15,000 ರೂಪಾಯಿ, ಸ್ವಲ್ಪ ಹಾಳಾದದ್ದಕ್ಕೆ 6,000. ಬಲೆ ಪೂರ್ತಿ ಹೋದರೆ 4,000, ಹರಿದಿದ್ದರೆ 3,000. ಮೀನು ಕಿವಿರು ಸಿಕ್ಕಿಸಿಕೊಳ್ಳುವ ಹೊಸ ಕಂತಬಲೆ ಕಟ್ಟುವವನಿಗೆ ಈ ದುಡ್ಡು ಬಲೆ ಕೆಳಗಿಳಿಸುವ ಸೀಸದ ಲೆಕ್ಕಕ್ಕೇ ಮುಗಿಯುತ್ತದೆ. ಅಗ್ಗದ ಬಲೆಯ ಕಥೆ ಶುರುವಾಗುವುದೇ ಇಲ್ಲಿಂದ, ಅದಕ್ಕೆ ಆಮೇಲೆ ಬರುತ್ತೇನೆ.

ಫೋಟೊ ಆದ ಕೂಡಲೇ ಎಂಜಿನ್. ಮುಳುಗಿದ ಔಟ್‌ಬೋರ್ಡ್ ಎಂಜಿನ್ (ದೋಣಿಯ ಹಿಂದೆ ಹೊರಗೆ ತಗುಲಿಸುವುದು) ನೀರಿನಲ್ಲಿ ಇರುವಷ್ಟು ಹೊತ್ತು ಅಷ್ಟಾಗಿ ಕೆಡುವುದಿಲ್ಲ. ಮೇಲೆತ್ತಿ ಗಾಳಿಗೆ ಒಡ್ಡಿದ ಮೇಲೆ ಬೇರಿಂಗಿಗೆ ತುಕ್ಕು ಹಿಡಿಯುತ್ತದೆ, ಅದೂ ಕೆಲವೇ ಗಂಟೆಗಳಲ್ಲಿ. ಆದ್ದರಿಂದ ಮೆಕ್ಯಾನಿಕ್ ಅದೇ ದಿನ ಸಿಗುವುದಿಲ್ಲ ಎಂದಾದರೆ ಎಂಜಿನ್ ಒರೆಸಿ ನೆರಳಲ್ಲಿ ಇಡಬೇಡಿ. ಸಿಹಿನೀರು ತುಂಬಿದ ಡ್ರಮ್ಮಿನಲ್ಲಿ ತಲೆಯವರೆಗೆ ಮುಳುಗಿಸಿಡಿ. ನೋಡಿದವರು ನಗಬಹುದು, ಆದರೆ ಉಳಿಯುವುದು ಆ ಎಂಜಿನ್ನೇ. ಸಿಹಿನೀರು ಅಂದಾಗ ಒಂದು ಎಚ್ಚರಿಕೆ: ಅಲೆ ಒಳನುಗ್ಗಿದ ಮೇಲೆ ಕಡಪ್ಪುರದ ಬಾವಿಗಳಿಗೂ ಉಪ್ಪು ಇಳಿದಿರುತ್ತದೆ. ನಾಲಿಗೆಗೆ ಹಚ್ಚಿ ನೋಡಿ, ಉಪ್ಪಿದ್ದರೆ ಒಳಗಿನ ಬಾವಿಯಿಂದಲೋ ಟ್ಯಾಂಕರಿನಿಂದಲೋ ತರಿಸಿ.

ಬಿಚ್ಚುವ ಕ್ರಮ ಹೀಗೆ. ಮೇಲಿನ ಮುಚ್ಚಳ ತೆಗೆದು ಸಿಹಿನೀರಿನಲ್ಲಿ ಹೊಯಿಗೆ ಪೂರ್ತಿ ಹೋಗುವವರೆಗೆ ತೊಳೆಯಬೇಕು. ಸ್ಪಾರ್ಕ್ ಪ್ಲಗ್ ಕಳಚಿ, ಪ್ಲಗ್ಗಿನ ತೂತು ಕೆಳಮುಖವಾಗುವಂತೆ ಎಂಜಿನ್ ಮಲಗಿಸಿ, ಹಗ್ಗವನ್ನು ನಿಧಾನವಾಗಿ ಎಳೆಯಬೇಕು. ನೀರು ಚಿಮ್ಮುತ್ತದೆ. ಎಳೆಯುವಾಗ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲಿಗೇ ನಿಲ್ಲಿಸಿ. ಓಡುತ್ತಿದ್ದಾಗಲೇ ಮುಳುಗಿದ ಎಂಜಿನ್ನಿನಲ್ಲಿ ಕನೆಕ್ಟಿಂಗ್ ರಾಡ್ ಬಗ್ಗಿರುವ ಸಾಧ್ಯತೆ ಉಂಟು. ಹೊಯಿಗೆ ಸಿಕ್ಕಿದ್ದರೆ ಸಿಲಿಂಡರಿನಲ್ಲಿ ಗೀರು ಬೀಳುತ್ತದೆ. ಅಂಥದ್ದನ್ನು ಬಿಚ್ಚಿಯೇ ನೋಡಬೇಕು, ಬಲದಿಂದ ಏನೂ ಆಗುವುದಿಲ್ಲ. ನೀರು ಬರುವುದು ನಿಂತ ಮೇಲೆ ಕಾರ್ಬ್ಯುರೇಟರಿನ ಬಟ್ಟಲು, ಎಣ್ಣೆಯ ಪೈಪು, ಟ್ಯಾಂಕು ಎಲ್ಲವನ್ನೂ ಖಾಲಿ ಮಾಡಿ. ಹಳೆ ಪೆಟ್ರೋಲನ್ನಾಗಲಿ ಸೀಮೆಎಣ್ಣೆಯನ್ನಾಗಲಿ ಸೋಸಿ ಮತ್ತೆ ಹಾಕುವ ಆಸೆ ಬೇಡ. ಪ್ಲಗ್ಗಿನ ತೂತಿಗೆ ಟೂ-ಸ್ಟ್ರೋಕ್ ಆಯಿಲ್ ಬಿಟ್ಟು ಕೆಲವು ಸಲ ಹಗ್ಗ ಎಳೆದರೆ ಒಳಗೆಲ್ಲ ಎಣ್ಣೆ ಹಿಡಿಯುತ್ತದೆ. ಹೊಸ ಪ್ಲಗ್ ಹಾಕಿ ಪೆಟ್ರೋಲಿನಲ್ಲಿ ಶುರು ಮಾಡಿ ಅರ್ಧ ಗಂಟೆಯಾದರೂ ಡ್ರಮ್ಮಿನಲ್ಲೇ ಓಡಿಸಿ. ಒಳಗಿನ ತೇವ ಹೋಗುವುದು ಆ ಬಿಸಿಗೆ. ಸೀಮೆಎಣ್ಣೆಗೆ ತಿರುಗಿಸುವುದು ಅದಾದ ಮೇಲೆ. ಕೊನೆಗೆ ಗೇರಿನ ಆಯಿಲ್: ಕೆಳಗಿನ ಸ್ಕ್ರೂ ಸಡಿಲಿಸಿದಾಗ ಮೊದಲು ನೀರು ಬಂದರೆ, ಅಥವಾ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ, ಸೀಲ್ ಹೋಗಿದೆ ಎಂದೇ ಅರ್ಥ. ಆಯಿಲ್ ಮಾತ್ರ ಬದಲಿಸಿದರೆ ಮುಂದಿನ ವಾರ ಮತ್ತೆ ಅದೇ.

ಫೈಬರ್ ದೋಣಿಯ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಒಡಕು ಕಣ್ಣಿಗೆ ಕಾಣುತ್ತದೆ, ಕೆಲಸಗಾರರೂ ಸಿಗುತ್ತಾರೆ. ಕಾಣದೆ ಇರುವುದು ಪದರ ಬಿಟ್ಟ ಜಾಗ. ನಾಣ್ಯದಿಂದ ದೋಣಿಯ ಹೊಟ್ಟೆಯುದ್ದಕ್ಕೂ ತಟ್ಟುತ್ತ ಹೋಗಿ. ಟಣ್ ಎನ್ನುವ ಸದ್ದು ಎಲ್ಲಿ ಮೊದ್ದಾಗುತ್ತದೋ ಅಲ್ಲಿ ಒಳಗೆ ಪದರ ಬಿಟ್ಟಿದೆ, ಸೀಮೆಸುಣ್ಣದಿಂದ ಗುರುತು ಹಾಕಿ. ಅಷ್ಟು ಜಾಗವನ್ನು ಅಂಚಿಗೆ ತೆಳುವಾಗುವಂತೆ ಗ್ರೈಂಡ್ ಮಾಡಿ, ಸಿಹಿನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿದ ಮೇಲೆ ಮಾತ್ರ ಗಾಜಿನ ನಾರಿನ ಮ್ಯಾಟ್ ಇಟ್ಟು ರೆಸಿನ್ ಹಚ್ಚಬೇಕು. ಮೇ ಕೊನೆಯಲ್ಲಿ ಇದೇ ಕಷ್ಟ, ಮಳೆ ಬಂದುಬಿಟ್ಟಿರುತ್ತದೆ. ಟಾರ್ಪಾಲಿನ ಕೆಳಗೆ ಬಲ್ಬು ಉರಿಸಿಯಾದರೂ ಒಣಗಿಸಿ; ಒದ್ದೆಯ ಮೇಲೆ ಹಚ್ಚಿದ ರೆಸಿನ್ ಹಪ್ಪಳದಂತೆ ಎದ್ದು ಬರುತ್ತದೆ. ರೆಸಿನ್ ಗಟ್ಟಿಯಾಗಲು ಹಾಕುವ ಹಾರ್ಡನರನ್ನೂ ಕೋಬಾಲ್ಟನ್ನೂ ನೇರ ಒಂದಕ್ಕೊಂದು ಬೆರೆಸಲೇ ಬೇಡಿ, ಸಿಡಿಯುತ್ತದೆ. ಕೋಬಾಲ್ಟ್ ಮೊದಲು ರೆಸಿನ್ನಿಗೆ ಹಾಕಿ ಪೂರ್ತಿ ಕಲಸಿ, ಹಚ್ಚುವ ಹೊತ್ತಿಗೆ ಹಾರ್ಡನರ್.

ಇನ್ನು ಬಲೆ. ಕಲ್ಲಿಗೆ ಸಿಕ್ಕಿದ ಬಲೆಯನ್ನು ಎಳೆದರೆ ಉಳಿದದ್ದೂ ಹರಿಯುತ್ತದೆ. ನೀರು ಇಳಿದ ಹೊತ್ತು ನೋಡಿ ಕತ್ತರಿಸಿಯೇ ಬಿಡಿಸಬೇಕು. ಮೇಲಿನ ಹಗ್ಗ, ಬೆಂಡು, ಕೆಳಗಿನ ಹಗ್ಗ, ಸೀಸ ಇಷ್ಟು ಉಳಿಸಿಕೊಂಡರೆ ಬಲೆಯ ಬೆಲೆಯ ದೊಡ್ಡ ಪಾಲು ಉಳಿದಂತೆ. ನೈಲಾನನ್ನು ಸಿಹಿನೀರಿನಲ್ಲಿ ಜಾಲಾಡಿ ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದೆ ನಿಜ, ಆದರೆ ನೂಲಿನ ಬಲ ಸೂರ್ಯನಿಗೆ ಹೋಗುತ್ತದೆ. ಹೊಸ ಬಲೆಯನ್ನು ಹಗ್ಗಕ್ಕೆ ಕಟ್ಟುವಾಗ ಪೂರ್ತಿ ಬಿಗಿದು ಎಳೆದ ಉದ್ದದ ಸುಮಾರು ಅರ್ಧಕ್ಕೆ ಹಗ್ಗ ಬರಬೇಕು. ಹಗ್ಗ ಉಳಿಸಲು ಇನ್ನೂ ಒತ್ತಾಗಿ ಕಟ್ಟಿದರೆ ಬಲೆ ಜೋಲು ಬಿದ್ದು ಕಂಡದ್ದೆಲ್ಲ ಸುತ್ತಿಕೊಳ್ಳುತ್ತದೆ, ಬಿಡಿಸುವುದರಲ್ಲೇ ಬೆಳಗಾಗುತ್ತದೆ.

ಈಗ ಕಣ್ಣಿನ ವಿಷಯ, ಅಂದರೆ ಬಲೆಯ ತೂತಿನ ಅಳತೆ. ತೂಫಾನಿನ ಮರುವಾರ ಅಂಗಡಿಯಲ್ಲಿ ಸುಲಭಕ್ಕೆ, ಸಾಲಕ್ಕೂ, ಸಿಗುವುದು ತೆಳು ಮೊನೊಫಿಲಮೆಂಟಿನ (ಒಂಟಿ ಎಳೆಯ ನೂಲಿನ) ಚಿಕ್ಕ ಕಣ್ಣಿನ ಬಲೆ. ಆ ಹೊತ್ತಿಗೆ ಯಾವ ಕಣ್ಣು ಕೊಳ್ಳುತ್ತೇವೋ ಅದು ಸಾಲ ತೀರುವವರೆಗೆ ಕಡಲಲ್ಲಿರುತ್ತದೆ. ಕಡಲಿನ ಮೀನಿನ ಬಗ್ಗೆ ನಾವು ಮಾಡುವ ಅತಿ ದೊಡ್ಡ ತೀರ್ಮಾನ ಸಭೆಯಲ್ಲಿ ಆಗುವುದಲ್ಲ, ಆ ಅಂಗಡಿಯ ಕಟ್ಟೆಯಲ್ಲಿ ಆಗುವುದು. ಬೂತಾಯಿಗೆ (ಸಾರ್ಡಿನ್) 35 ಮಿ.ಮೀ. ಆಸುಪಾಸು, ಬಂಗುಡೆಗೆ 50ರ ಆಸುಪಾಸು ನಾವು ಕೇಳುವ ಕಣ್ಣು. ಕಟ್ಟಿನ ಮೇಲೆ ಬರೆದದ್ದನ್ನು ನಂಬದೆ ಅಲ್ಲೇ ಅಳೆಯಬೇಕು. ಬಲೆಯನ್ನು ನೀರಿನಲ್ಲಿ ನೆನೆಸಿ, ಹತ್ತು ಕಣ್ಣುಗಳನ್ನು ಸಾಲಾಗಿ ಬಿಗಿದು ಎಳೆದು, ಮೊದಲ ಗಂಟಿನಿಂದ ಕೊನೆಯ ಗಂಟಿನವರೆಗೆ ಸ್ಕೇಲಿಟ್ಟು ಹತ್ತರಿಂದ ಭಾಗಿಸಿ. ಒಂದೇ ಕಣ್ಣು ಅಳೆದರೆ ಎರಡು ಮೂರು ಮಿ.ಮೀ. ಅತ್ತಿತ್ತ ಆಗಿಯೇ ಆಗುತ್ತದೆ, ವ್ಯಾಪಾರಿಗೆ ವಾದ ಮಾಡಲು ಅಷ್ಟು ಸಾಕು.

ಕೇರಳದಲ್ಲಿ 2015ರಿಂದ ಹಿಡಿಯಬಹುದಾದ ಮೀನಿನ ಕನಿಷ್ಠ ಉದ್ದ ಕಾನೂನಿನಲ್ಲಿದೆ. ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14. ಬುಟ್ಟಿಯ ಒಳಬದಿಗೆ ಈ ಎರಡು ಗೆರೆಯನ್ನು ಪೇಂಟಿನಲ್ಲಿ ಹಾಕಿಟ್ಟರೆ ಜಗಳ ಅರ್ಧ ಕಡಿಮೆಯಾಗುತ್ತದೆ. ಆದರೆ ಬೂತಾಯಿ ಮೊಟ್ಟೆ ಕಟ್ಟುವುದು 15 ಸೆಂ.ಮೀ. ಹತ್ತಿರ ಬಂದಾಗ. ಅಂದರೆ 10 ಎನ್ನುವುದು ದಂಡ ತಪ್ಪಿಸಿಕೊಳ್ಳುವ ಅಳತೆ, ಸಂತಾನ ಉಳಿಸುವ ಅಳತೆಯಲ್ಲ. ಲೆಕ್ಕ ಹಾಕಿದರೂ ಕಾಯುವುದೇ ಲಾಭ: ಮೀನು 10ರಿಂದ 15 ಸೆಂ.ಮೀ.ಗೆ ಬೆಳೆದರೆ ತೂಕ ಮೂರು ಪಟ್ಟು ದಾಟುತ್ತದೆ, ಊಟದ ಮೀನಿನ ದರವೂ ಬರುತ್ತದೆ. ಮರಿಯನ್ನು ಕೇಳುವುದು ಫಿಶ್‌ಮೀಲ್ ಲಾರಿ ಮಾತ್ರ. 2012ರಲ್ಲಿ ಕೇರಳದಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಬಂದಿತ್ತು, 2021ರಲ್ಲಿ ಬಂದದ್ದು 3,297 ಟನ್ ಎಂದು ಕೇಂದ್ರದ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐ ಲೆಕ್ಕ. ನೀರಿನ ಬಿಸಿ, ಮಳೆಯ ಏರುಪೇರು ಇದಕ್ಕೆ ಕಾರಣವೆಂಬುದು ಸರಿ. ಆದರೆ ಮಳೆ ನಮ್ಮ ಕೈಯಲ್ಲಿಲ್ಲ, ಕಣ್ಣು ನಮ್ಮ ಕೈಯಲ್ಲಿದೆ. ಮೇ ತಿಂಗಳ ತೂಫಾನ್ ಬರುವುದು ಬೂತಾಯಿ ಮೊಟ್ಟೆ ಇಡುವ ಮುಂಚೆ, ಕಾರ್ತಿಕದ ತೂಫಾನ್ ಬರುವುದು ಮರಿ ದಡ ಸೇರಿದ ಮೇಲೆ. ಎರಡೂ ಸಲ ಅವಸರಕ್ಕೆ ಸಿಗುವುದು ತಾಯಿ ಇಲ್ಲವೆ ಮರಿ.

ಕರ್ನಾಟಕ-ಕೇರಳದ ನಡುವಿನ ತಲಪಾಡಿಯ ಗಡಿ ಕಡಲಲ್ಲಿ ಕಾಣುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಕರ್ನಾಟಕದ ನಿಷೇಧ ಜೂನ್ 1ರಿಂದ 61 ದಿನ. ಕೇರಳದ ಟ್ರಾಲಿಂಗ್ ನಿಷೇಧ ಜೂನ್ 9ರ ಮಧ್ಯರಾತ್ರಿಯಿಂದ 52 ದಿನ. ಬಡಗಿನ ದೋಣಿ ದಡ ಹತ್ತಿದ ಮೇಲೂ ಇಲ್ಲಿ ಕೆಲವು ದಿನ ಟ್ರಾಲರ್ ಓಡುತ್ತದೆ. ತೂಫಾನಿನಲ್ಲಿ ಕೆಲಸ ಕಳೆದುಕೊಂಡವರಿಗೆ ಆ ದಿನಗಳ ಆಸೆ ಹೆಚ್ಚು. ಎರಡು ರಾಜ್ಯ ಒಂದೇ ತಾರೀಕು ಇಟ್ಟುಕೊಳ್ಳದೆ ಈ ಗಲಾಟೆ ತೀರುವುದಿಲ್ಲ.

ಬಲೆ ಇಲ್ಲದವನನ್ನು ಸುಮ್ಮನೆ ಕೂರಿಸಿ ಚಿಕ್ಕ ಕಣ್ಣು ಬೇಡ ಎಂದರೆ ಯಾರು ಕೇಳುತ್ತಾರೆ? ಅದಕ್ಕೆ ದಡದಿಂದ ಕೈಯಲ್ಲೇ ಎಳೆಯುವ ಬಲೆ ಕೈರಂಪಣಿ ಒಳ್ಳೆಯ ದಾರಿ. ಒಂದು ಬಲೆಗೆ ಎಳೆಯುವ ಕೈ ತುಂಬಾ ಬೇಕು, ಎಳೆದವರಿಗೆಲ್ಲ ಪಾಲು ಉಂಟು, ಎಂಜಿನ್ ಬೇಡ. ಕೈರಂಪಣಿಯಲ್ಲೂ ಮರಿ ಬರುತ್ತದೆ, ಆದ್ದರಿಂದ ಬಲೆಯ ಚೀಲವನ್ನು ಒಣ ಹೊಯಿಗೆಗೆ ಎಳೆಯಬಾರದು. ಮೊಣಕಾಲು ನೀರಿನಲ್ಲೇ ನಿಲ್ಲಿಸಿ ಬುಟ್ಟಿಯಿಂದ ದೊಡ್ಡದನ್ನು ತೋಡಿ, ಚೀಲ ಬಿಚ್ಚಿಬಿಡಿ. ಪಾಲಿನ ಮಾತನ್ನು ಊರಿನ ಮುಖಂಡರಾದ ಗುರಿಕಾರರ ಎದುರು ಮೊದಲೇ ಆಡಿ ಬರೆದಿಡಬೇಕು, ಮೀನು ಬಿದ್ದ ಮೇಲೆ ಅಲ್ಲ. ತೆಂಕಣ ಕೀಳೂರು, ಕಸಬ, ಬೇಕಲದ ಕಡೆ ಇಂಥ ತಕರಾರನ್ನು ಕಡಲ್‌ಕೋಡತಿ, ಅಂದರೆ ಮೀನುಗಾರರದೇ ಕಡಲ ನ್ಯಾಯಪಂಚಾಯಿತಿ, ನೋಡಿಕೊಳ್ಳುತ್ತದೆ. ದೇವಸ್ಥಾನದ ಎದುರು ಆದ ತೀರ್ಪನ್ನು ಮೀರುವವರು ಕಡಿಮೆ.

ಕಳೆದುಹೋದ ಬಲೆ ಕಡಲೊಳಗೆ ಸುಮ್ಮನಿರುವುದಿಲ್ಲ, ಮೀನು ಹಿಡಿಯುತ್ತಲೇ ಇರುತ್ತದೆ. ನೀರು ತಿಳಿಯಾದ ಮೇಲೆ ಎರಡು ದೋಣಿ ಒಟ್ಟಿಗೆ ಹೋಗಿ ನಾಲ್ಕು ಮೊನೆಯ ಲಂಗರನ್ನು ನಿಧಾನ ಎಳೆಯಬೇಕು. ಭಾರ ಸಿಕ್ಕಿದ ಕೂಡಲೇ ಎಂಜಿನ್ ನಿಲ್ಲಿಸಿ ಕೈಯಲ್ಲೇ ಎತ್ತಿ, ಇಲ್ಲವಾದರೆ ಬಲೆ ಎಂಜಿನ್ನಿನ ಪಂಖಕ್ಕೆ ಸುತ್ತಿಕೊಂಡು ನೀವೇ ಅದರ ಮೀನಾಗುತ್ತೀರಿ. ಎತ್ತಲಾಗದಿದ್ದರೆ ಜಿಪಿಎಸ್ ಗುರುತು ಹಾಕಿ ಬನ್ನಿ, ಮಾರನೆ ದಿನ ಹೆಚ್ಚು ಆಳು ಕರೆದುಕೊಂಡು ಹೋಗಿ.

ಮೊದಲ ಸಲ ಅಳಿವೆ ದಾಟುವಾಗ ಬಲೆ ಹಾಕಿಕೊಂಡು ಹೋಗುವುದೇ ಬೇಡ. ಶಿರಿಯ, ಉಪ್ಪಳ, ಮೊಗ್ರಾಲ್ ಹೊಳೆಗಳ ಬಾಯಿಯಲ್ಲಿ ಹೊಯಿಗೆಯ ದಿಬ್ಬ ತೂಫಾನಿನ ಮೊದಲು ಇದ್ದಲ್ಲಿ ಆಮೇಲೆ ಇರುವುದಿಲ್ಲ. ನೆರೆಯಲ್ಲಿ ಬಂದ ಮರದ ದಿಮ್ಮಿ ಅರ್ಧ ಹುಗಿದುಕೊಂಡು ನಿಂತಿರುತ್ತದೆ. ಇಳಿತದ ಹೊತ್ತು, ಹಗಲಲ್ಲಿ, ಸಣ್ಣ ದೋಣಿಯಲ್ಲಿ ಬಿದಿರಿನ ಗಳು ಊರುತ್ತ ಆಳ ನೋಡಬೇಕು. ಆಳ ಇರುವ ದಾರಿಯ ನೇರಕ್ಕೆ ದಡದಲ್ಲಿ ಎರಡು ಕಂಬ ನೆಡಿ, ಮುಂದಿನದು ಗಿಡ್ಡ, ಹಿಂದಿನದು ಎತ್ತರ. ಕಡಲಿನಿಂದ ಬರುವಾಗ ಎರಡೂ ಒಂದೇ ಗೆರೆಗೆ ಬಂದರೆ ದಾರಿ ಸರಿ. ಕಂಬಕ್ಕೆ ಬಿಳಿ ಬಟ್ಟೆಗಿಂತ ಕಿತ್ತಳೆ ಟಾರ್ಪಾಲ್ ತುಂಡು ಮಳೆಯಲ್ಲಿ ಚೆನ್ನಾಗಿ ಕಾಣುತ್ತದೆ. ಪ್ರತಿ ದೊಡ್ಡ ನೆರೆಯ ಮಾರನೆ ದಿನ ಮತ್ತೆ ಗಳು ಊರಿ ನೋಡಿ ಕಂಬ ಬದಲಿಸಬೇಕು. ನೀರು ಕೆಂಪಿರುವವರೆಗೆ ಅಳಿವೆಯ ಬಾಯಿಗೆ ಬೀಸುಬಲೆಯನ್ನೂ ಹಾಕಬೇಡಿ; ಆ ನೀರಿನಲ್ಲಿ ಹೊಳೆಯಿಂದ ಕಡಲಿಗೆ ಇಳಿಯುತ್ತಿರುವುದು ಹೆಚ್ಚಾಗಿ ಎಳೆ ಸಿಗಡಿ.