ಅಮ್ಮನ ಅಂಗಾಲುರಿ, ಪಬ್‌ಮೆಡ್ಡು, ಮತ್ತೆ ನಾನು ದಂಡ ತೆತ್ತ ಮೂರು ಸಾವಿರ

"ಗೂಗಲ್ ಡಾಕ್ಟ್ರು ಬಂದ್ರಪ್ಪಾ" ಅಂತ ನಮ್ಮ ಬಾವ ಒಂದು ವರ್ಷ ಆಡ್ಕೊಂಡ್ರು. ಈಗ ಅವ್ರೇ ಥೈರಾಯ್ಡ್ ರಿಪೋರ್ಟ್ ವಾಟ್ಸಾಪ್ ಮಾಡಿ "ಸ್ವಲ್ಪ ನೋಡಯ್ಯ" ಅಂತಿದಾರೆ, ಅದಕ್ಕೇ ಅಮ್ಮನ ಕಾಲುರಿಗೆ ಕಾರಣ ನಾನು ಇಂಟರ್ನೆಟ್ಟಲ್ಲಿ ಹುಡುಕಿದ ಕಥೆ ಬರೀತಿದೀನಿ.

ಅಮ್ಮಂಗೆ ಶುಗರ್. ಅದಕ್ಕೆ ಮೆಟ್‌ಫಾರ್ಮಿನ್ ಅನ್ನೋ ಮಾತ್ರೆ ನುಂಗೋಕೆ ಶುರು ಮಾಡಿ ಹತ್ತು ಹನ್ನೊಂದು ವರ್ಷ ಆಗಿರ್ಬೇಕು. ಅಂಗಾಲು ಉರಿ ಎಷ್ಟಿತ್ತು ಅಂದ್ರೆ ರಾತ್ರಿ ಒದ್ದೆ ಟವೆಲ್ ಸುತ್ಕೊಂಡು ಮಲಗ್ತಿದ್ಲು. ಹೋದಲ್ಲೆಲ್ಲ "ಶುಗರ್ ಇದೆಯಲ್ಲಮ್ಮ, ಹಂಗೇ ಇರತ್ತೆ". ನರದ ಟೆಸ್ಟು, ಅದು ಇದು ಅಂತ ಎಂಟೊಂಬತ್ತು ಸಾವಿರ ಕೈ ಬಿಡ್ತು.

ಪಬ್‌ಮೆಡ್ ಅಂದ್ರೆ ವೈದ್ಯಕೀಯ ಸಂಶೋಧನಾ ಲೇಖನಗಳನ್ನ ಹುಡುಕೋ ವೆಬ್‌ಸೈಟು. ನಾನು ಮೂರು ವಾರ ಕಾಲುರಿ, ಶುಗರ್, ಜೋಮು ಅಂತ ಲಕ್ಷಣದ ಹೆಸರಲ್ಲೇ ಹುಡುಕಿ ಮುಳುಗಿದೆ. ಆಮೇಲೆ ಉಲ್ಟಾ ಮಾಡ್ದೆ, ಲಕ್ಷಣ ಬಿಟ್ಟು ಮಾತ್ರೆಯಿಂದ ಶುರು: ಮೆಟ್‌ಫಾರ್ಮಿನ್ ಜೊತೆ ಅಡ್ಡಪರಿಣಾಮ, ಬರೀ ಮನುಷ್ಯರ ಮೇಲಿನ ಟ್ರಯಲ್. ಅರ್ಧ ಗಂಟೇಲಿ ಬಿಎಂಜೆ ಅನ್ನೋ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯ 2010ರ ಸಂಶೋಧನಾ ಪೇಪರ್ ಸಿಕ್ತು. ನೆದರ್‌ಲ್ಯಾಂಡ್ಸ್‌ದು, 390 ಜನ, ನಾಲ್ಕು ವರ್ಷಕ್ಕೂ ಸ್ವಲ್ಪ ಹೆಚ್ಚು, ಮೆಟ್‌ಫಾರ್ಮಿನ್ ತಗೊಂಡೋರಿಗೆ ರಕ್ತದಲ್ಲಿ ಬಿ12 ವಿಟಮಿನ್ ಸುಮಾರು 19% ಇಳಿದಿತ್ತು (ಅದು ಕಮ್ಮಿ ಆದ್ರೆ ನರಕ್ಕೆ ಪೆಟ್ಟು, ಅಂಗಾಲು ಉರೀನೂ ಬರಬಹುದು). ಪೂರ್ತಿ ಫ್ರೀ. ಅದಕ್ಕೂ ಮುಂಚೆ ಇನ್ನೊಂದು ಲೇಖನಕ್ಕೆ 35 ಡಾಲರ್ ಕಟ್ಟಿದ್ದೆ, ಹತ್ರ ಹತ್ರ ಮೂರು ಸಾವಿರ, ಅದೇ ಲೇಖನ ಪಿಎಂಸಿಲಿ (ಪಬ್‌ಮೆಡ್‌ನೋರದೇ ಫ್ರೀ ಲೇಖನಗಳ ಭಂಡಾರ) ಪುಕ್ಸಟ್ಟೆ ಬಿದ್ದಿತ್ತು. ಹೊಟ್ಟೆ ಉರೀತು. ಈಗ ಬ್ರೌಸರ್‌ಗೆ ಲೇಖನದ ಫ್ರೀ ಕಾಪಿ ಎಲ್ಲಿದೆ ಅಂತ ತೋರಿಸೋ ಅನ್‌ಪೇವಾಲ್ ಹಾಕ್ಕೊಂಡಿದೀನಿ, ಅದ್ರಲ್ಲೂ ಸಿಗ್ದಿದ್ರೆ ಬರೆದೋರಿಗೇ ಮೇಲ್ ಹಾಕ್ತೀನಿ, ಹತ್ತರಲ್ಲಿ ಆರೇಳು ಜನ ಕಳಿಸ್ತಾರೆ.

ದೊಡ್ಡ ಎಡವಟ್ಟು ಆಮೇಲಿಂದು. ಬಿ12 ಟೆಸ್ಟ್ ಮಾಡ್ಸಿದ್ವಿ, ಸಾವಿರದ ಒಳಗೆ ಆಯ್ತು. 194 ಬಂತು. ಲ್ಯಾಬ್‌ನೋರ ನಾರ್ಮಲ್ 187ರಿಂದ ಶುರು, ಪೇಪರಲ್ಲಿ 150ಕ್ಕಿಂತ ಕಮ್ಮಿ ಇದ್ರೆ ಕೊರತೆ ಅಂತಿತ್ತು, ಸರಿ ಬಿಡು ಅಮ್ಮಂಗೆ ಏನೂ ಇಲ್ಲ ಅಂತ ಎರಡು ತಿಂಗಳು ಸುಮ್ನಿದ್ದೆ. ಒಂದಿನ ಬಸ್ಸಲ್ಲಿ ಕೂತು ಮತ್ತೆ ತೆಗೆದು ನೋಡ್ತೀನಿ, ಪೇಪರಲ್ಲಿರೋದು ಪಿಕೋಮೋಲ್, ನಮ್ಮ ರಿಪೋರ್ಟಲ್ಲಿರೋದು ಪಿಕೋಗ್ರಾಂ, ಎರಡೂ ಬೇರೆ ಬೇರೆ ಅಳತೆ! ನಮ್ಮ 194ನ್ನ ಪಿಕೋಮೋಲ್‌ಗೆ ತರೋಕೆ 1.355ರಿಂದ ಭಾಗಿಸಿದ್ರೆ 143, ಅಂದ್ರೆ ಕೊರತೆನೇ. ಬಸ್ಸಲ್ಲೇ ತಲೆ ಚಚ್ಕೊಂಡೆ.

ಡಾಕ್ಟ್ರ ಹತ್ರ ಮೊದಲ ಸಲ ನಲವತ್ತು ಪುಟ ಪ್ರಿಂಟ್ ಹೊತ್ಕೊಂಡು ಹೋಗಿದ್ದೆ, ಮುಟ್ಟಿಯೂ ನೋಡ್ಲಿಲ್ಲ. ತಪ್ಪು ಅವರದ್ದಲ್ಲ, ಹೊರಗೆ ಮೂವತ್ತು ಜನ ಕಾಯ್ತಿದ್ರು. ಜೊತೆಗೆ ಆ ಟ್ರಯಲ್‌ನೋರೆಲ್ಲ ಇನ್ಸುಲಿನ್ ಮೇಲಿದ್ದೋರು, ಅಮ್ಮ ಅಲ್ಲ, ಅದನ್ನ ಅವರು ಕೇಳಿದ್ರೆ ನನ್ನ ಹತ್ರ ಉತ್ತರಾನೇ ಇರ್ಲಿಲ್ಲ. ಎರಡನೇ ಸಲ ಒಂದೇ ಹಾಳೆ: ಮಾತ್ರೆ ಎಷ್ಟು ವರ್ಷದಿಂದ, ಬಿ12 ಎಷ್ಟು, ಮತ್ತೆ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಗೈಡ್‌ಲೈನಿನ ಒಂದು ಸಾಲು, ಮೆಟ್‌ಫಾರ್ಮಿನ್ ತಗೊಳ್ಳೋರಿಗೆ, ಅದ್ರಲ್ಲೂ ನರದ ತೊಂದ್ರೆ ಇದ್ರೆ, ಆಗಾಗ ಬಿ12 ನೋಡಿಸ್ಬೇಕು ಅನ್ನೋದು. ಕೊನೇಲಿ "ಇದು ಅಮ್ಮಂಗೆ ಅನ್ವಯ ಆಗತ್ತಾ ಸರ್?" ಅಂತ ಒಂದೇ ಪ್ರಶ್ನೆ. ಓದಿದ್ರು. "ಸಸ್ಯಾಹಾರಿ ಬೇರೆ, ಊಟದಲ್ಲೂ ಬಿ12 ಕಮ್ಮಿ, ಕೊಡೋಣ" ಅಂದು ಬಿ12 ಇಂಜೆಕ್ಷನ್ ಬರೆದ್ರು, ಮೆಟ್‌ಫಾರ್ಮಿನ್ ನಿಲ್ಲಿಸ್ಲಿಲ್ಲ. ನಾಲ್ಕೈದು ತಿಂಗಳಲ್ಲಿ ಉರಿ ಮುಕ್ಕಾಲು ಪಾಲು ಹೋಯ್ತು, ಟವೆಲ್ ಬಚ್ಚಲಿಗೆ ವಾಪಸ್ ಹೋಯ್ತು. ಜೋಮು ಸ್ವಲ್ಪ ಇದೆ.

ಮಧ್ಯೆ ಅರಿಶಿನ ಮದ್ದಾಗತ್ತಾ ಅಂತ ಹುಡುಕೋ ಹುಚ್ಚೂ ಹತ್ತಿತ್ತು. ಸಾವಿರಾರು ಪೇಪರ್, ನಾನು ತೆಗೆದಿದ್ದರಲ್ಲಿ ಮುಕ್ಕಾಲು ಇಲಿ ಮೇಲೆ, ಇಲ್ಲಾ ಲ್ಯಾಬಿನ ಗಾಜಿನ ತಟ್ಟೇಲಿ ಜೀವಕೋಶದ ಮೇಲೆ ಮಾಡಿದ್ದು, ಮನುಷ್ಯರ ಮೇಲಲ್ಲ. ಟ್ರಯಲ್‌ಗಳನ್ನೆಲ್ಲ ಒಟ್ಟು ಹಾಕಿ ತೂಗಿ ನೋಡಿದ ವರದಿಗಳಿರೋ ಕಾಕ್ರೇನ್ ಲೈಬ್ರರಿಗೂ ನುಗ್ಗಿದ್ದೆ. ಅದನ್ನ 2007ರಲ್ಲೇ ನಮ್ಮ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ದುಡ್ಡು ಕಟ್ಟಿ ಇಡೀ ದೇಶಕ್ಕೆ ತೆರೆಸಿತ್ತು, ನನಗೆ ಗೊತ್ತಾಗೋಕೆ ಇಷ್ಟು ವರ್ಷ ಬೇಕಾಯ್ತು.

ಬಾವನ ರಿಪೋರ್ಟ್ ನೋಡ್ದೆ. ಕೂದ್ಲು ಉದುರತ್ತೆ ಅಂತ ಬಯೋಟಿನ್ ಅನ್ನೋ ವಿಟಮಿನ್ ಮಾತ್ರೆ ನುಂಗ್ತಿದಾರಂತೆ. ಅದು ರಕ್ತದ ಟೆಸ್ಟಿನ ಲೆಕ್ಕಾನೇ ಕೆಡಿಸಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ, ಥೈರಾಯ್ಡ್ ಟೆಸ್ಟೂ ಅದ್ರಲ್ಲಿ ಸೇರ್ಕೊಳ್ಳತ್ತೆ. "ಡಾಕ್ಟ್ರಿಗೆ ಮೊದ್ಲು ಇದನ್ನ ಹೇಳಿ ಬಾವ" ಅಂತ ಮೆಸೇಜ್ ಹಾಕಿದೀನಿ. ಬ್ಲೂ ಟಿಕ್ ಬಂದಿದೆ, ಉತ್ತರ ಬಂದಿಲ್ಲ.