ಬೈಕ್ ಸ್ಟಾರ್ಟ್ ಆಗ್ತಿಲ್ವಾ? ಬಿಚ್ಚೋ ಮುಂಚೆ ಇಷ್ಟು ನೋಡಿ

ಬೈಕ್ ಕೈಕೊಟ್ಟಾಗ ಮೊದಲು ಸ್ಪಾನರ್ ಹುಡುಕಬೇಡಿ. ಕಣ್ಣು, ಕಿವಿ ಸಾಕು. ಏನು ಕೆಟ್ಟಿದೆ ಅಂತ ಗೊತ್ತಾಗುವ ಮುಂಚೆ ಬಿಚ್ಚಲು ಹೊರಟರೆ ಸರಿ ಇದ್ದದ್ದೂ ಹಾಳಾಗುತ್ತದೆ. ಗೊತ್ತಾದ ಮೇಲೆ ಎಷ್ಟೋ ಸಲ ಹತ್ತು ನಿಮಿಷದ ಕೆಲಸ ಅಷ್ಟೇ.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ನಿಮ್ಮ ಬೈಕಿನ ನಟ್ಟುಗಳಿಗೆ ಸರಿಯಾಗಿ ಕೂರುವ ಸ್ಪಾನರ್‌ಗಳು, ಎಂಜಿನ್ ಒಳಗೆ ಕಿಡಿ ಕೊಡುವ ಪ್ಲಗ್ ಬಿಚ್ಚಲು ಪ್ಲಗ್ ಸ್ಪಾನರ್, ಸ್ಕ್ರೂಡ್ರೈವರ್, ವೋಲ್ಟ್ ಅಳೆಯುವ ಒಂದು ಸಾದಾ ಮಲ್ಟಿಮೀಟರ್, ಗಾಳಿ ನೋಡುವ ಗೇಜ್. ಜೊತೆಗೆ ಬೈಕ್ ಕೊಂಡಾಗ ಕೊಟ್ಟ ಪುಸ್ತಕ. ನಾನು ಇಲ್ಲಿ ಹೇಳುವ ಅಳತೆಗೂ ಆ ಪುಸ್ತಕಕ್ಕೂ ವ್ಯತ್ಯಾಸ ಬಂದರೆ ಪುಸ್ತಕವನ್ನೇ ನಂಬಿ.

ಸ್ಟಾರ್ಟ್ ಆಗದಿದ್ದರೆ

ಮೊದಲು ಕಿಲ್ ಸ್ವಿಚ್ (ಹ್ಯಾಂಡಲ್ ಮೇಲೆ ಎಂಜಿನ್ ಆಫ್ ಮಾಡುವ ಸ್ವಿಚ್) ನೋಡಿ. ಆಮೇಲೆ ಸೈಡ್ ಸ್ಟ್ಯಾಂಡ್, ನ್ಯೂಟ್ರಲ್ ದೀಪ, ಪೆಟ್ರೋಲ್. ಸುಮ್ನೆ ಹೇಳುತ್ತಿಲ್ಲ, ಈ ನಾಲ್ಕರಲ್ಲೇ ಎಷ್ಟೋ ಬೈಕ್‌ಗಳ ಕಾಯಿಲೆ ಇರುತ್ತದೆ.

ಎಲ್ಲ ಸರಿ ಇದೆಯಾ? ಈಗ ಸೆಲ್ಫ್ ಒತ್ತಿ, ಕಿವಿಗೊಟ್ಟು ಕೇಳಿ. ಟಕ್ ಟಕ್ ಅಂತ ಸದ್ದು ಬಂದು ದೀಪ ಮಂಕಾದರೆ ಬ್ಯಾಟರಿ ಕಡೆ ನೋಡಿ. ಎಂಜಿನ್ ತಿರುಗುತ್ತದೆ, ಆದರೆ ಹಿಡಿಯುವುದಿಲ್ಲ ಅಂದರೆ ಪೆಟ್ರೋಲ್, ಗಾಳಿ ಅಥವಾ ಕಿಡಿ, ಇವುಗಳಲ್ಲಿ ಒಂದರದ್ದು ತೊಂದರೆ. ಸದ್ದೂ ಇಲ್ಲ, ದೀಪವೂ ಇಲ್ಲ ಅಂದರೆ ಫ್ಯೂಸ್ ಹೋಗಿರಬಹುದು, ಇಲ್ಲವೇ ಬ್ಯಾಟರಿಯ ವೈರ್ ಸಡಿಲಾಗಿರಬಹುದು.

ಬ್ಯಾಟರಿ

ವೈರ್ ಸೇರುವ ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕೂತಿದೆಯಾ ನೋಡಿ. ಆ ಪುಡಿ ಕರೆಂಟ್ ಹರಿಯಲು ಬಿಡುವುದಿಲ್ಲ. ವೈರ್ ಬಿಚ್ಚುವಾಗ ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್. ಹಾಕುವಾಗ ಉಲ್ಟಾ, ಪಾಸಿಟಿವ್ ಮೊದಲು. ಕಾರಣ ಇದೆ. ನೆಗೆಟಿವ್ ವೈರ್ ಬೈಕಿನ ಚಾಸಿಗೆ, ಅಂದರೆ ಲೋಹದ ಚೌಕಟ್ಟಿಗೆ, ಸೇರಿರುತ್ತದೆ. ಅದನ್ನು ತೆಗೆಯದೆ ಪಾಸಿಟಿವ್ ಬಿಚ್ಚುವಾಗ ಸ್ಪಾನರ್ ಚಾಸಿಗೆ ತಾಗಿದರೆ ಶಾರ್ಟ್ ಆಗಿ ದೊಡ್ಡ ಕಿಡಿ ಹಾರುತ್ತದೆ.

ಬೆಚ್ಚಗಿನ ನೀರಿಗೆ ಅಡುಗೆ ಸೋಡಾ ಕಲಸಿ, ಹಳೇ ಬ್ರಷ್‌ನಿಂದ ಟರ್ಮಿನಲ್ ಉಜ್ಜಿ. ಆ ಪುಡಿ ಬರಿಗೈಗೆ ತಾಗದಿರಲಿ. ಚೆನ್ನಾಗಿ ಒರೆಸಿ, ಒಣಗಿಸಿ, ಬಿಗಿಯಾಗಿ ಕೂರಿಸಿ, ಮೇಲೆ ತೆಳ್ಳಗೆ ವ್ಯಾಸಲಿನ್ ಸವರಿ.

ಆಮೇಲೆ ಮಲ್ಟಿಮೀಟರ್ ಹಿಡಿಯಿರಿ. ಕೆಲವು ಗಂಟೆ ನಿಂತಿರುವ ಬೈಕಿನಲ್ಲಿ, ಪೂರ್ತಿ ಚಾರ್ಜ್ ಇರುವ 12 ವೋಲ್ಟ್ ಬ್ಯಾಟರಿ 12.6 ಅಥವಾ ಸ್ವಲ್ಪ ಮೇಲೆ ತೋರಿಸುತ್ತದೆ. 12ರ ಹತ್ತಿರ ಇಳಿದಿದ್ದರೆ ಹೆಚ್ಚುಕಡಿಮೆ ಖಾಲಿ. ಚಾರ್ಜ್ ಮಾಡಿ, ಸ್ಟಾರ್ಟ್ ಮಾಡಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಮತ್ತೆ ನೋಡಿ. ಈಗ ಸುಮಾರು 13.5ರಿಂದ 14.5 ಬರಬೇಕು. ಏರದಿದ್ದರೆ ತಪ್ಪು ಬ್ಯಾಟರಿಯದ್ದಲ್ಲ, ಚಾರ್ಜ್ ಮಾಡುವ ಕಡೆಯದ್ದು. ಇದನ್ನು ನೋಡದೆ ಹೊಸ ಬ್ಯಾಟರಿ ಕೊಂಡರೆ ಅದೂ ಖಾಲಿಯಾಗುತ್ತದೆ, ದುಡ್ಡು ದಂಡ.

ಫ್ಯೂಸ್ ಸುಟ್ಟಿದ್ದರೆ ಅಷ್ಟೇ ಆಂಪಿಯರ್‌ನ ಹೊಸದು ಹಾಕಿ. ಸಾಮಾನ್ಯವಾಗಿ 10 ಆಂಪಿಯರ್ ಕೆಂಪು, 15 ನೀಲಿ, 20 ಹಳದಿ. ಮತ್ತೆ ಸುಟ್ಟರೆ ಎಲ್ಲೋ ವೈರ್ ಶಾರ್ಟ್ ಆಗಿದೆ. ಆಗ ದೊಡ್ಡ ಫ್ಯೂಸನ್ನೋ ತಾಮ್ರದ ತಂತಿಯನ್ನೋ ದಯವಿಟ್ಟು ಹಾಕಬೇಡಿ. ಫ್ಯೂಸ್ ಉಳಿಯುತ್ತದೆ, ಬೈಕಿಗೆ ಬೆಂಕಿ ಬೀಳುತ್ತದೆ.

ಪ್ಲಗ್

ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಮುಟ್ಟಿ. ಬಿಚ್ಚುವ ಮುಂಚೆ ಸುತ್ತಲ ಮಣ್ಣು ಊದಿ ತೆಗೆಯಿರಿ, ಇಲ್ಲದಿದ್ದರೆ ಅದು ಸೀದಾ ಒಳಗೆ ಬೀಳುತ್ತದೆ. ಹೊರಬಂದ ಪ್ಲಗ್‌ನ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ತಿಳಿ ಕಂದು ಬಣ್ಣ ಇದ್ದರೆ ಎಂಜಿನ್ ಚೆನ್ನಾಗಿ ಉರಿಯುತ್ತಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ. ಏರ್ ಫಿಲ್ಟರ್ ಕಟ್ಟಿಕೊಂಡಿದೆಯಾ ಅಂತ ನೋಡಿ. ಎಣ್ಣೆ ಎಣ್ಣೆಯಾಗಿದ್ದರೆ ಆಯಿಲ್ ಒಳಗೆ ಬರುತ್ತಿದೆ, ಅದು ಮೆಕ್ಯಾನಿಕ್ ಕೆಲಸ. ಬೆಳ್ಳಗೆ ಸುಟ್ಟಂತಿದ್ದರೆ ಎಂಜಿನ್ ಜಾಸ್ತಿ ಬಿಸಿಯಾಗುತ್ತಿದೆ.

ವಾಪಸ್ ಹಾಕುವಾಗ ಮೊದಲ ಸುತ್ತುಗಳು ಬೆರಳಲ್ಲೇ ಆಗಬೇಕು. ಪ್ಲಗ್ ಕೂರುವ ಜಾಗ ಅಲ್ಯೂಮಿನಿಯಂ. ಓರೆಯಾಗಿ ಸ್ಪಾನರ್ ಹಾಕಿ ತಿರುಗಿಸಿದರೆ ಅಲ್ಲಿನ ಥ್ರೆಡ್ ಹಾಳಾಗುತ್ತದೆ, ಖರ್ಚು ಎಲ್ಲಿಂದೆಲ್ಲಿಗೋ ಹೋಗುತ್ತದೆ. ಬೆರಳಿಗೆ ಬಿಗಿಯಾದ ಮೇಲೆ, ವಾಷರ್ ಇರುವ ಹೊಸ ಪ್ಲಗ್ ಆದರೆ ಸುಮಾರು ಅರ್ಧ ಸುತ್ತು, ಹಳೇದಾದರೆ ಇನ್ನೊಂಚೂರು ಮಾತ್ರ.

ಚೈನ್

ಹೊಡೆದುಕೊಳ್ಳುವ ಸದ್ದು ಬಂತೆಂದರೆ ಚೈನ್ ಸಡಿಲ. ಎಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು ಕೆಳಗಿನ ಭಾಗದ ನಡುವೆ ಬೆರಳಿಟ್ಟು ಮೇಲೆ ಕೆಳಗೆ ಆಡಿಸಿ. ಸಾಮಾನ್ಯ ಬೈಕ್‌ಗಳಲ್ಲಿ 20ರಿಂದ 30 ಮಿಲಿಮೀಟರ್ ಆಟ ಇರುತ್ತದೆ. ಚಕ್ರ ಕೈಯಲ್ಲೇ ತಿರುಗಿಸಿ ನಾಲ್ಕೈದು ಕಡೆ ನೋಡಿ, ಚೈನ್ ಎಲ್ಲ ಕಡೆ ಒಂದೇ ಸಮ ಸವೆದಿರುವುದಿಲ್ಲ. ಅತಿ ಬಿಗಿ ಇರುವ ಜಾಗದ ಅಳತೆಯನ್ನೇ ಹಿಡಿಯಿರಿ.

ಹಿಂದಿನ ಚಕ್ರದ ಆಕ್ಸಲ್ (ಅಚ್ಚು) ನಟ್ ಸಡಿಲಿಸಿ, ಎರಡೂ ಕಡೆಯ ಅಡ್ಜಸ್ಟರ್‌ಗಳನ್ನು ಸ್ವಲ್ಪ ಸ್ವಲ್ಪ, ಸಮವಾಗಿ ತಿರುಗಿಸಿ. ಅಲ್ಲಿ ಗೆರೆಗಳ ಗುರುತು ಇರುತ್ತದೆ. ಎಡಕ್ಕೂ ಬಲಕ್ಕೂ ಒಂದೇ ಗೆರೆಗೆ ಬರದಿದ್ದರೆ ಚಕ್ರ ಓರೆಯಾಗುತ್ತದೆ. ಬಿಗಿ ಇದ್ದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. ಗುಂಡಿಗೆ ಇಳಿದಾಗ ಚೈನ್ ಇನ್ನೂ ಬಿಗಿಯಾಗಿ ಬೇರಿಂಗ್ ಎಳೆಯುತ್ತದೆ. ಆಕ್ಸಲ್ ನಟ್ ಬಿಗಿ ಮಾಡಿದ ಮೇಲೆ ಆಟವನ್ನು ಇನ್ನೊಮ್ಮೆ ಅಳೆಯಿರಿ.

ತುಂಬಾ ಜನ ಮರೆಯುವುದು ಇದನ್ನು: ಹಿಂದೆ ಡ್ರಮ್ ಬ್ರೇಕ್ ಇದ್ದರೆ, ಚಕ್ರ ಹಿಂದಕ್ಕೆ ಸರಿದಾಗ ಬ್ರೇಕ್ ರಾಡ್ ಕೂಡ ಎಳೆದುಕೊಳ್ಳುತ್ತದೆ. ಪೆಡಲ್‌ನ ಆಟ ಸರಿ ಇದೆಯಾ, ಚಕ್ರ ಸಲೀಸಾಗಿ ತಿರುಗುತ್ತಾ, ಬ್ರೇಕ್ ದೀಪ ಸರಿಯಾದ ಹೊತ್ತಿಗೆ ಹತ್ತುತ್ತಾ, ಮೂರನ್ನೂ ನೋಡಿ.

ಎಂಜಿನ್ ಚಾಲೂ ಇಟ್ಟು, ಗೇರ್ ಹಾಕಿ ಚೈನ್ ಒರೆಸುವುದು ಮಾತ್ರ ಬೇಡವೇ ಬೇಡ. ಬಟ್ಟೆಯ ಜೊತೆ ಬೆರಳೂ ಚೈನ್ ಕೂರುವ ಹಲ್ಲುಚಕ್ರಕ್ಕೆ, ಅಂದರೆ ಸ್ಪ್ರಾಕೆಟ್‌ಗೆ ಹೋಗುತ್ತದೆ.

ಪಂಚರ್

ಟ್ಯೂಬ್‌ಲೆಸ್ ಟೈರಿನಲ್ಲಿ ಮೊಳೆ ಕಂಡ ಕೂಡಲೇ ಕೀಳಬೇಡಿ, ಮೊದಲು ಜಾಗಕ್ಕೆ ಗುರುತು ಹಾಕಿ. ನೆಲಕ್ಕೆ ತಾಗುವ ಭಾಗದಲ್ಲಿ ಸಣ್ಣ ತೂತಾದರೆ ಮಾತ್ರ ಪಂಚರ್ ಕಿಟ್ ಬಳಸಿ. ಪಕ್ಕದ ಗೋಡೆಯಲ್ಲಾದರೆ ಟೈರ್ ಬದಲಿಸಬೇಕು. ಮೊಳೆ ಕಿತ್ತು, ಅದು ಹೋಗಿದ್ದ ದಿಕ್ಕಿನಲ್ಲೇ ಕಿಟ್‌ನ ರೀಮರ್ (ತೂತನ್ನು ಉಜ್ಜಿ ಸರಿಮಾಡುವ ಉಪಕರಣ) ಆಡಿಸಿ. ಸೂಜಿಗೆ ಪೋಣಿಸಿದ ರಬ್ಬರ್ ಪಟ್ಟಿಗೆ ಅಂಟು ಹಚ್ಚಿ ಒಳಗೆ ತಳ್ಳಿ, ಎರಡೂ ತುದಿ ಸ್ವಲ್ಪ ಹೊರಗಿರುವಾಗಲೇ ಸೂಜಿಯನ್ನು ಒಂದೇ ಏಟಿಗೆ ಎಳೆಯಿರಿ. ಉಳಿದ ತುದಿ ಕತ್ತರಿಸಿ, ಗಾಳಿ ತುಂಬಿ, ಸೋಪಿನ ನೀರು ಹಾಕಿ. ಗುಳ್ಳೆ ಬರದಿದ್ದರೆ ಸರಿ. ಮಾರನೇ ದಿನ ಗಾಡಿ ತೆಗೆಯುವ ಮುಂಚೆ, ಟೈರ್ ತಣ್ಣಗಿರುವಾಗ ಗಾಳಿ ಇನ್ನೊಮ್ಮೆ ನೋಡಿ.

ಬ್ರೇಕ್ ಲಿವರ್ ಮೆತ್ತಗೆ ಒಳಗೆ ಹೋಗುತ್ತಿದ್ದರೆ, ಬ್ರೇಕ್ ಆಯಿಲ್ ಸೋರುತ್ತಿದ್ದರೆ, ಹ್ಯಾಂಡಲ್ ಒಂದು ಕಡೆ ಎಳೆಯುತ್ತಿದ್ದರೆ ಮನೆಯಲ್ಲಿ ಪ್ರಯೋಗ ಬೇಡ, ಓಡಿಸಿಕೊಂಡೂ ಹೋಗಬೇಡಿ. ಮೆಕ್ಯಾನಿಕ್‌ನ್ನೇ ಕರೆಸಿ.