ಬಣ್ಣ ಕೊನೆಗೆ: ಕಮ್ಮಿ ಕಾಸಿನಲ್ಲಿ ಹಳೇ ಸ್ಕೂಟರ್ ರಿಪೇರಿ, ಅಲಂಕಾರ

ಮೊದಲ ಸಲ ಹಳೇ ಸ್ಕೂಟರ್ ಕೈಗೆ ಸಿಕ್ಕಾಗ ನಾನು ಮಾಡಿದ ಮೊದಲ ಕೆಲಸ ಬಣ್ಣ ಹೊಡೆದದ್ದು. ಮೂರು ದಿನ ಕೂತು ತಿಕ್ಕಿ, ಸ್ಪ್ರೇ ಡಬ್ಬಿಯಲ್ಲಿ ತಿಳಿಹಸಿರು ಹೊಡೆದು, ಫೋಟೋ ತೆಗೆದು ಸಿಕ್ಕಸಿಕ್ಕವರಿಗೆಲ್ಲ ಕಳಿಸಿ, ಆಮೇಲೆ ಪೆಟ್ರೋಲ್ ತುಂಬಿಸಿಕೊಂಡು ಹೊರಟೆ. ಟ್ಯಾಂಕ್ ಮುಚ್ಚಳದ ರಬ್ಬರ್ ಒಣಗಿ ಬಿರುಕು ಬಿಟ್ಟಿದ್ದನ್ನು ನೋಡಿರಲೇ ಇಲ್ಲ. ಮೊದಲ ಹಂಪ್‌ಗೇ ಪೆಟ್ರೋಲ್ ತುಳುಕಿತು. ಮನೆಗೆ ಬಂದು ನೋಡಿದರೆ, ಅದು ಹರಿದ ದಾರಿಯುದ್ದಕ್ಕೂ ಬಣ್ಣ ಕೆನೆಯ ಹಾಗೆ ಸುಕ್ಕುಗಟ್ಟಿ, ಬೆರಳಿಟ್ಟರೆ ಅಂಟಿಕೊಂಡು ಬರುತ್ತಿತ್ತು.

ಆವತ್ತಿನಿಂದ ನನ್ನ ಲೆಕ್ಕ ಇಷ್ಟೇ. ದುಡ್ಡು ಕಮ್ಮಿ ಇದ್ದರೆ ಗಾಡಿ ಮೊದಲು ಬ್ರೇಕ್ ಹಿಡಿದಾಗ ಸರಿಯಾಗಿ ನಿಲ್ಲಬೇಕು, ಆಮೇಲೆ ಸರಿಯಾಗಿ ಓಡಬೇಕು, ಚೆಂದ ಕಾಣುವುದು ಅದಾದ ಮೇಲೆ. ಸ್ಪೀಡ್ ಜಾಸ್ತಿ ಮಾಡುವ ಮಾತು ಕಟ್ಟಕಡೆಗೆ.

ಗಾಡಿ ಇನ್ನೂ ಕೊಂಡಿಲ್ಲ ಅಂದರೆ ಎರಡು ವಿಷಯ ನೋಡಿ. ಕಿಕ್ಕರನ್ನು ಕೈಯಿಂದಲೇ ಮೆಲ್ಲಗೆ ಒತ್ತಿ. ನಡುವೆ ಎಲ್ಲೋ ಬಿಗಿಯಾಗಿ ತಡೆಯಬೇಕು. ಸುಮ್ನೆ ಜಾರಿಕೊಂಡು ಇಳಿದರೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಇಲ್ಲ, ಒಳಗೆ ಖರ್ಚು ಕಾದಿದೆ. ಇನ್ನೊಂದು ತುಕ್ಕು. 1946ರ ಮೊದಲ ವೆಸ್ಪಾದಿಂದಲೇ ಒಂದು ಬಗೆಯ ಸ್ಕೂಟರ್‌ಗಳಲ್ಲಿ ತಗಡಿನ ಮೈಯೇ ಚಾಸಿ. ಬೇರೆ ಚೌಕಟ್ಟು ಇರುವುದಿಲ್ಲ. ಅಂಥದರಲ್ಲಿ ಕಾಲಿಡುವ ಜಾಗ ತುಕ್ಕು ತಿಂದಿದ್ದರೆ ಬೆನ್ನುಮೂಳೆಯೇ ಹೋದಂತೆ. ಮರುವರ್ಷ ಬಂದ ಲ್ಯಾಂಬ್ರೆಟ್ಟಾ ಥರದವು ಪೈಪ್ ಚೌಕಟ್ಟಿನವು, ಈಗಿನ ಪ್ಲಾಸ್ಟಿಕ್ ಮೈಯ ಗಾಡಿಗಳೂ ಬಹುತೇಕ ಹಾಗೇ. ಅವುಗಳ ಮೇಲ್ಭಾಗ ಒಡೆದಿದ್ದರೂ ಚಿಂತೆಯಿಲ್ಲ, ಪೈಪ್‌ನ ಬೆಸುಗೆಗಳು ಗಟ್ಟಿ ಇದ್ದರೆ ಸಾಕು.

ಬ್ರೇಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಡ್ರಮ್ ಬಿಚ್ಚಿ, ಒಳಗಿನ ಬ್ರೇಕ್ ಶೂ (ಡ್ರಮ್‌ಗೆ ಉಜ್ಜಿ ಗಾಡಿ ನಿಲ್ಲಿಸುವ ಪಟ್ಟಿ) ಸವೆದಿದ್ದರೆ ಬದಲಿಸಿ, ಕೇಬಲ್ ಹೊಸದು ಹಾಕಿ. ಒಳಗಿನ ಧೂಳನ್ನು ಊದಬೇಡಿ, ಹಳೇ ಶೂಗಳಲ್ಲಿ ಶ್ವಾಸಕೋಶಕ್ಕೆ ಕೆಟ್ಟದ್ದಾದ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ಮಾಡಿದ್ದು. ಟೈರಿನ ಮೇಲಿನ ಗೀರುಗಳು ಎಷ್ಟೇ ಆಳ ಇದ್ದರೂ ಪಕ್ಕದಲ್ಲಿ ಸಣ್ಣ ಸಣ್ಣ ಬಿರುಕು ಕಂಡರೆ ಆ ಟೈರು ಮುಗಿದಂತೆ. ಸೆಕೆಂಡ್ ಹ್ಯಾಂಡ್ ಕನ್ನಡಿ ಕೊಳ್ಳಿ, ಸೀಟು ಕೊಳ್ಳಿ, ಟೈರು ಮಾತ್ರ ಬೇಡ.

ಇನ್ನು ಓಡಿಸುವ ಕೆಲಸ. ಇಲ್ಲಿ ಖರ್ಚಿಗಿಂತ ತಾಳ್ಮೆ ಜಾಸ್ತಿ ಬೇಕು. ಹಳೇ ಸಣ್ಣ ಎಂಜಿನ್‌ಗಳು ಎಳೆಯುತ್ತಿಲ್ಲ ಅಂತ ಜನ ದೊಡ್ಡ ಸಿಲಿಂಡರ್ ಹುಡುಕಿಕೊಂಡು ಹೋಗುತ್ತಾರೆ. ಎಷ್ಟೋ ಸಲ ಆ ಎಂಜಿನ್ ಹೊಸದಿದ್ದಾಗ ಇದ್ದ ಶಕ್ತಿಯನ್ನೇ ಕಳೆದುಕೊಂಡಿರುತ್ತದೆ, ಅಷ್ಟೇ. ಕಾರ್ಬುರೇಟರ್ ಬಿಚ್ಚಿ, ಒಂದೊಂದು ಹೆಜ್ಜೆಗೂ ಫೋಟೋ ತೆಗೆದುಕೊಳ್ಳಿ. ನಿಂತ ಗಾಡಿಯಲ್ಲಿ ಹಳೇ ಪೆಟ್ರೋಲ್ ಒಣಗಿ ಜೆಟ್‌ನ (ಪೆಟ್ರೋಲನ್ನು ಅಳತೆಯಲ್ಲಿ ಬಿಡುವ ಪುಟ್ಟ ತಿರುಪಿನ) ತೂತಿನಲ್ಲಿ ಅಂಟಿನ ಹಾಗೆ ಕೂತಿರುತ್ತದೆ. ಅದನ್ನು ತಂತಿ ಹಾಕಿ ಚುಚ್ಚಬೇಡಿ, ತೂತು ದೊಡ್ಡದಾದರೆ ಅಳತೆಯೇ ಕೆಡುತ್ತದೆ. ಬ್ರಷ್‌ನ ಒಂದು ನೈಲಾನ್ ಎಳೆ ಸಾಕು. ಬೆಳಕಿಗೆ ಹಿಡಿದು ನೋಡಿದರೆ ಗುಂಡಗೆ, ಅಂಚು ಚೊಕ್ಕವಾಗಿ ಕಾಣಬೇಕು.

ಟೂ ಸ್ಟ್ರೋಕ್ (ಪೆಟ್ರೋಲ್ ಜೊತೆ ಎಣ್ಣೆಯೂ ಉರಿಯುವ ಎಂಜಿನ್) ಆದರೆ ಸೈಲೆನ್ಸರ್ ಬಿಚ್ಚಿ ನೋಡಿ. ಎಣ್ಣೆ ಉರಿದ ಮಸಿ ಬಾಯಿಗೆಲ್ಲ ಕಟ್ಟಿಕೊಂಡು ಹೊಗೆ ಹೋಗಲು ಜಾಗವೇ ಇರುವುದಿಲ್ಲ. ಸಿಲಿಂಡರ್ ಕಡೆಯ ತೂತನ್ನು ಕೆರೆಯುವಾಗ ಪಿಸ್ಟನ್ ಅದಕ್ಕೆ ಅಡ್ಡ ಬರುವ ಹಾಗೆ ಎಂಜಿನ್ ತಿರುಗಿಸಿಟ್ಟುಕೊಳ್ಳಿ, ಆಗ ಪುಡಿ ಒಳಗೆ ಬೀಳುವುದಿಲ್ಲ. ಮರದ ಕಡ್ಡಿಯಲ್ಲೇ ಕೆರೆಯಿರಿ. ಪೆಟ್ರೋಲಿಗೆ ನೀವೇ ಎಣ್ಣೆ ಬೆರೆಸುವ ಗಾಡಿಯಾದರೆ ಕಂಪನಿ ಹೇಳಿದ ಪ್ರಮಾಣ ಬಿಡಬೇಡಿ. 50ಕ್ಕೆ 1 ಅಂದರೆ ಲೀಟರಿಗೆ 20 ಮಿ.ಲೀ., 25ಕ್ಕೆ 1 ಅಂದರೆ 40. ಮತ್ತೆ ದಯವಿಟ್ಟು ಏರ್ ಫಿಲ್ಟರ್ ಕಿತ್ತು ಬಿಸಾಡಬೇಡಿ. ಸದ್ದು ಬದಲಾಗುತ್ತದೆ, ಏನೋ ಶಕ್ತಿ ಬಂದ ಹಾಗೆ ಅನ್ನಿಸುತ್ತದೆ. ಆದರೆ ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಸಾಲದೆ ಎಂಜಿನ್ ವಿಪರೀತ ಬಿಸಿಯಾಗುತ್ತದೆ, ಪೆಟ್ರೋಲ್ ಜೊತೆ ಬರುವ ಎಣ್ಣೆಯೂ ಕಮ್ಮಿಯಾಗಿ ಒಂದು ದಿನ ಪಿಸ್ಟನ್ ಜಾಮ್ ಆಗುತ್ತದೆ. ಒಂದು ಸುತ್ತು ಓಡಿಸಿ ಬಂದು ಎಂಜಿನ್ ಆರಿದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ತುದಿ ನೋಡಿ. ತಿಳಿಕಂದು ಇದ್ದರೆ ಸರಿ. ಸುಣ್ಣದ ಹಾಗೆ ಬೆಳ್ಳಗಿದ್ದರೆ ಅಪಾಯ. ಕರ್ರಗೆ ಒದ್ದೆಯಾಗಿದ್ದರೆ ಪೆಟ್ರೋಲೋ ಎಣ್ಣೆಯೋ ಜಾಸ್ತಿ.

ಗೇರ್ ಇಲ್ಲದ ಗಾಡಿಯಾದರೆ ಇನ್ನೊಂದು ಕಡೆ ನೋಡಲೇಬೇಕು. ಬೆಲ್ಟ್ ಮುಚ್ಚಳ ತೆಗೆದು ಮುಂದಿನ ವೇರಿಯೇಟರ್ (ಗೇರಿನ ಬದಲು ಕೆಲಸ ಮಾಡುವ ಬೆಲ್ಟ್ ಚಕ್ರ) ಬಿಚ್ಚಿದರೆ ಒಳಗೆ ರೋಲರ್‌ಗಳು ಸಿಗುತ್ತವೆ, ಸಾಮಾನ್ಯವಾಗಿ ಆರು. ನನ್ನ ಗಾಡಿಯಲ್ಲಿ ಅವುಗಳನ್ನು ಮೇಜಿನ ಮೇಲೆ ಉರುಳಿಸಿದರೆ ಒಂದೂ ಉರುಳಲಿಲ್ಲ. ಒಂದು ಪಕ್ಕ ಸವೆದು ಚಪ್ಪಟೆಯಾಗಿ, ಇಟ್ಟ ಕಡೆಯೇ ಕೂತವು. ಅಷ್ಟಕ್ಕೇ ಗಾಡಿ ಮುಗ್ಗರಿಸುತ್ತಿತ್ತು, ಸ್ಪೀಡೂ ಏರುತ್ತಿರಲಿಲ್ಲ. ಮೊದಲು ಮೂಲ ತೂಕದ ಹೊಸ ಸೆಟ್ ಹಾಕಿ ಓಡಿಸಿ. ಏರಿನಲ್ಲಿ ಇನ್ನೂ ಚುರುಕು ಬೇಕಾದರೆ ಒಂದೊಂದಕ್ಕೆ ಅರ್ಧ ಗ್ರಾಂ ಹಗುರ ಮಾಡಿ ನೋಡಿ, ಒಂದೇ ಸಲ ಎರಡು ಮೂರು ಗ್ರಾಂ ಇಳಿಸಿದರೆ ಎಂಜಿನ್ ಸುಮ್ನೆ ಕಿರುಚುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಬೆಲ್ಟ್ ತಾಗುವ ಜಾಗಕ್ಕೆ ಗ್ರೀಸ್ ಸೋಕಬಾರದು. ಕಮ್ಮಿ ಕಾಸಿನಲ್ಲಿ ಇಷ್ಟು ಗೊತ್ತಾಗುವಂಥ ಬದಲಾವಣೆ ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ.

ಈಗ ಚೆಂದ ಮಾಡುವ ಕೆಲಸ. ಮೊದಲು ಏನು ಕಿತ್ತು ಹಾಕಬಹುದು ನೋಡಿ. ಹಳೇ ಸ್ಟಿಕ್ಕರ್, ಬಾಗಿದ ಕ್ಯಾರಿಯರ್, ಯಾರೋ ಹಾಕಿಸಿದ ಕ್ರೋಮ್ ಪಟ್ಟಿ, ಇವೆಲ್ಲ ಹೋದರೆ ಅರ್ಧ ಕೆಲಸ ಬಿಟ್ಟಿಯಾಗಿ ಆಯಿತು. ಒಡೆದ ಪ್ಲಾಸ್ಟಿಕ್ ಭಾಗವನ್ನು ತಿರುಗಿಸಿ ಒಳಗಡೆ ನೋಡಿ, ಯಾವ ಪ್ಲಾಸ್ಟಿಕ್ ಅಂತ ಅಚ್ಚೊತ್ತಿರುತ್ತದೆ. ಎಬಿಎಸ್ (ABS) ಅಂತಿದ್ದರೆ ಅದೇ ಜಾತಿಯ ಚೂರುಗಳನ್ನು ಅಸಿಟೋನ್ ಅನ್ನುವ ದ್ರಾವಕದಲ್ಲಿ ನೆನೆಹಾಕಿದರೆ ಕರಗಿ ಗಂಜಿಯಂತಾಗುತ್ತದೆ. ಒಡಕಿನ ಹಿಂದೆ ಸಣ್ಣ ತಂತಿ ಬಲೆ ಇಟ್ಟು ಅದನ್ನು ಮೆತ್ತಿ ಒಂದೆರಡು ದಿನ ಬಿಡಿ, ಚೆನ್ನಾಗಿ ಕೂರುತ್ತದೆ. ಪಿಪಿ (PP) ಅಂತಿದ್ದರೆ ಈ ಉಪಾಯ ನಡೆಯುವುದಿಲ್ಲ, ಅದು ಅಸಿಟೋನ್‌ಗೆ ಕರಗುವುದೇ ಇಲ್ಲ.

ಬಣ್ಣದಲ್ಲಿ ಡಬ್ಬಿಗಿಂತ ತಿಕ್ಕುವುದೇ ಮುಖ್ಯ. ಪಾತ್ರೆ ಸೋಪಿನಲ್ಲಿ ಜಿಡ್ಡು ತೊಳೆದು, 240ರ ಸ್ಯಾಂಡ್ ಪೇಪರ್‌ನಲ್ಲಿ ಶುರು ಮಾಡಿ 400ರಲ್ಲಿ ನೀರು ಹಾಕಿ ತಿಕ್ಕಿ. ಮೇಲ್ಮೈ ಒಂದೇ ಸಮ ಮಂಕಾಗಬೇಕು. ಎಲ್ಲಾದರೂ ಮಿಂಚು ಉಳಿದರೆ ಬಣ್ಣ ಅಲ್ಲೇ ಎದ್ದು ಬರುತ್ತದೆ. ಪ್ಲಾಸ್ಟಿಕ್‌ಗೆ ಅದರದೇ ಪ್ರೈಮರ್. ಡಬ್ಬಿಯನ್ನು 20–25 ಸೆಂ.ಮೀ. ದೂರ ಹಿಡಿದು ತೆಳುವಾಗಿ ಹೊಡೆಯಿರಿ, 10–15 ನಿಮಿಷ ಬಿಟ್ಟು ಇನ್ನೊಂದು ಪದರ. ಮೊದಲ ಪದರದಲ್ಲಿ ಹಳೇ ಬಣ್ಣ ಕಾಣುತ್ತಲೇ ಇರಬೇಕು, ಮುಚ್ಚಿಬಿಡೋಣ ಅಂತ ಆಸೆಪಟ್ಟರೆ ಸೋರುತ್ತದೆ. ಕೊನೆಗೆ ಪೆಟ್ರೋಲ್ ತಡೆಯುವುದು ಗಟ್ಟಿಕಾರಕ ಬೆರೆಸುವ ಟೂ ಕೆ (2K) ಕ್ಲಿಯರ್, ಅಂದರೆ ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಪದರ, ಮಾತ್ರ. ಅದರ ಹಬೆ ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು, ಬಟ್ಟೆ ಮಾಸ್ಕ್ ಏನೂ ತಡೆಯುವುದಿಲ್ಲ. ಸರಿಯಾದ ಫಿಲ್ಟರ್ ಮಾಸ್ಕ್ ಇಲ್ಲದಿದ್ದರೆ ಅದೊಂದು ಪದರವನ್ನು ಪೇಂಟ್ ಅಂಗಡಿಯವರಿಂದಲೇ ಹೊಡೆಸಿಬಿಡಿ. ನೋಂದಣಿ ಪತ್ರದಲ್ಲಿ ಬಣ್ಣದ ಹೆಸರು ಇದ್ದರೆ ಅದನ್ನೂ ತಿದ್ದಿಸಬೇಕಾಗಬಹುದು, ಮೊದಲೇ ವಿಚಾರಿಸಿ.

ಸೀಟು ಮನೆಯಲ್ಲೇ ಆಗುತ್ತದೆ. ಹಳೇ ಹೊದಿಕೆಯನ್ನೇ ಅಳತೆಗೆ ಇಟ್ಟುಕೊಂಡು ರೆಕ್ಸಿನ್ ಕತ್ತರಿಸಿ, ಫೋಮ್ ಕುಸಿದ ಜಾಗಕ್ಕೆ ಹಳೇ ಯೋಗ ಮ್ಯಾಟಿನ ತುಂಡು ಅಂಟಿಸಿ, ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಹೊದಿಸಿ. ಇಲ್ಲದಿದ್ದರೆ ಹೊಲಿಗೆಯಿಂದ ಮಳೆನೀರು ಇಳಿದು, ಕೂತಾಗಲೆಲ್ಲ ಪ್ಯಾಂಟು ಒದ್ದೆ. ರೆಕ್ಸಿನ್ ಬಿಸಿಲಿಗಿಟ್ಟು ಮೆತ್ತಗಾದ ಮೇಲೆ ಎಳೆದು, ಮುಂದೆ ಹಿಂದೆ ನಡುವಿನಲ್ಲಿ ಪಿನ್ ಹೊಡೆದು, ಆಮೇಲೆ ಪಕ್ಕಗಳು, ಮೂಲೆಗಳು ಕೊನೆಗೆ.

ಲೈಟು ಮಂಕಾಗಿದ್ದರೆ ಬಲ್ಬ್ ಕೊಳ್ಳುವ ಮುಂಚೆ ಅರ್ಥ್ ವೈರ್ ಕೂರುವ ಬೋಲ್ಟ್ ಬಿಚ್ಚಿ ತುಕ್ಕು ತಿಕ್ಕಿ. ಬಹಳ ಹಳೇ ಗಾಡಿಗಳು 6 ವೋಲ್ಟಿನವು, ಅದಕ್ಕೆ 12 ವೋಲ್ಟ್ ಬಲ್ಬ್ ಹಾಕಿದರೆ ಮಿಣುಕು ಹುಳದಷ್ಟೇ ಬೆಳಕು.

ದೊಡ್ಡ ಸಿಲಿಂಡರ್ ಕಿಟ್ ಬಗ್ಗೆ ಕೇಳುವವರು ಇದ್ದೇ ಇರುತ್ತಾರೆ. ಹಾಕಬಹುದು. ಆದರೆ ಅದರ ಹಿಂದೆಯೇ ಜೆಟ್, ಬ್ರೇಕ್, ವಿಮೆ, ಲೈಸೆನ್ಸ್ ದರ್ಜೆ ಎಲ್ಲ ಬದಲಾಗಬೇಕಾಗಬಹುದು, ಅಲ್ಲಿಗೆ ಕಮ್ಮಿ ಕಾಸಿನ ಮಾತು ಮುಗಿಯಿತು. ನಾನು ಹಾಕಿಲ್ಲ.

ಎಲ್ಲ ಜೋಡಿಸಿದ ಮೇಲೆ 50 ಕಿ.ಮೀ. ಓಡಿಸಿ ಬಂದು ಪಾನಾ ಹಿಡಿದು ಪ್ರತಿ ಬೋಲ್ಟನ್ನೂ ಮತ್ತೊಮ್ಮೆ ಮುಟ್ಟಿ ನೋಡಿ, ಮುಖ್ಯವಾಗಿ ಚಕ್ರದವು, ಸೈಲೆನ್ಸರಿನವು. ಹಾಗೇ ಟ್ಯಾಂಕ್ ಮುಚ್ಚಳದ ಸುತ್ತ ಬೆರಳಾಡಿಸಿ ಮೂಸಿ ನೋಡಿ.